ದೂರದ ವಿಮಾನಯಾನ: ಕಿಲೋಮೀಟರಲ್ಲ, ಗಂಟೆ ಎಣಿಸಿ

ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದೋ, ಮಗನ ಹೊಸ ಮನೆಯ ಗೃಹಪ್ರವೇಶಕ್ಕೆಂದೋ ವಿಮಾನ ಹತ್ತುವ ತಂದೆತಾಯಿಯರು ಇಂದು ನಮ್ಮ ರಾಜ್ಯದ ಬಹಳಷ್ಟು ಊರುಗಳಲ್ಲಿ ಸಿಗುತ್ತಾರೆ. ಹೊರಡುವುದಕ್ಕೆ ತಿಂಗಳ ಮೊದಲೇ ಸಿದ್ಧತೆ ಶುರುವಾಗುತ್ತದೆ. ವೀಸಾ ಆಯಿತೇ, ಸ್ವೆಟರ್ ಸಾಕೇ, ಚಟ್ನಿಪುಡಿ, ಅಂಟಿನುಂಡೆ ಎಷ್ಟು ಕಟ್ಟಬಹುದು, ಸೂಟ್‌ಕೇಸಿನ ತೂಕ ಎಷ್ಟಾಯಿತು ಎಂದು ಮನೆಮಂದಿಯೆಲ್ಲ ಲೆಕ್ಕ ಹಾಕುತ್ತಾರೆ. ಆದರೆ ಅರವತ್ತೈದು ವರ್ಷದ ತಾಯಿ ಎಷ್ಟು ಗಂಟೆ ಕಾಲು ಇಳಿಬಿಟ್ಟು ಒಂದೇ ಕಡೆ ಕೂರಬೇಕಾಗುತ್ತದೆ, ದಿನವೂ ನುಂಗುವ ಬಿ.ಪಿ. ಮಾತ್ರೆಯ ಹೊತ್ತು ಎಲ್ಲಿಗೆ ಸರಿಯುತ್ತದೆ ಎಂಬ ಲೆಕ್ಕ ಹಾಕುವವರು ಕಡಿಮೆ. ಆರೋಗ್ಯದ ದೃಷ್ಟಿಯಿಂದ ಮುಖ್ಯವಾದದ್ದು ಈ ಎರಡನೆಯ ಲೆಕ್ಕವೇ.

ದೂರ ಎಷ್ಟು, ಹೊತ್ತು ಎಷ್ಟು?

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಗರಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಎರಡೂ ಕಡೆ ಕಂಪ್ಯೂಟರ್ ಉದ್ಯಮ ಬೆಳೆದಿರುವುದರಿಂದ ಈ ದಾರಿಯಲ್ಲಿ ಓಡಾಡುವ ಕನ್ನಡಿಗರು ಬಹಳ. ಭೂಮಿಯ ಮೈಮೇಲೆ ಅತಿ ಹತ್ತಿರದ ದಾರಿ ಹಿಡಿದು ಅಳೆದರೆ ಈ ಎರಡು ನಗರಗಳ ನಡುವಿನ ಅಂತರ ಸುಮಾರು 14,000 ಕಿ.ಮೀ. ಭೂಮಿಯ ಸುತ್ತಳತೆ 40,000 ಕಿ.ಮೀ. ಆದ್ದರಿಂದ ಯಾವುದೇ ಎರಡು ಊರುಗಳು 20,000 ಕಿ.ಮೀ.ಗಿಂತ ಹೆಚ್ಚು ದೂರ ಇರಲು ಸಾಧ್ಯವಿಲ್ಲ. ಅಂದಮೇಲೆ ಬೆಂಗಳೂರಿನವರಿಗೆ ಸ್ಯಾನ್ ಫ್ರಾನ್ಸಿಸ್ಕೊ ಹೆಚ್ಚುಕಡಿಮೆ ಭೂಮಿಯ ಆಚೆ ಬದಿಯೇ ಸರಿ.

ಬೆಂಗಳೂರಿನಿಂದ ದುಬೈ ಸುಮಾರು 2,700 ಕಿ.ಮೀ.; ನಾಲ್ಕು ಗಂಟೆಯ ಹಾರಾಟ. ಸಿಂಗಪುರ ಸುಮಾರು 3,200 ಕಿ.ಮೀ.; ನಾಲ್ಕೂವರೆ ಗಂಟೆ. ಲಂಡನ್ ಸುಮಾರು 8,000 ಕಿ.ಮೀ.; ಹತ್ತು-ಹನ್ನೊಂದು ಗಂಟೆ. ಸ್ಯಾನ್ ಫ್ರಾನ್ಸಿಸ್ಕೊಗೆ ಎಲ್ಲಿಯೂ ಇಳಿಯದೆ ನೇರವಾಗಿ ಹೋದರೆ ಹದಿನಾರರಿಂದ ಹದಿನೇಳು ಗಂಟೆ ಬೇಕು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದಿಳಿದಾಗ ಹಿಡಿದದ್ದು ಸುಮಾರು 17 ಗಂಟೆ.

ನೇರ ವಿಮಾನಗಳು ಎಲ್ಲ ಕಾಲದಲ್ಲೂ ಇರುವುದಿಲ್ಲ. ನಡುವೆ ಒಂದು ಕಡೆ ಇಳಿದು ವಿಮಾನ ಬದಲಿಸಬೇಕಾದರೆ, ಕಾಯುವ ಹೊತ್ತೂ ಸೇರಿ ಪ್ರಯಾಣ ಒಂದು ಹಗಲು ಒಂದು ರಾತ್ರಿಗೆ ಮುಟ್ಟುತ್ತದೆ. ಎದುರುಗಾಳಿ ಜೋರಾಗಿದ್ದರೆ, ಇಲ್ಲವೇ ಯಾವುದಾದರೂ ದೇಶ ತನ್ನ ವಾಯುಮಾರ್ಗ ಮುಚ್ಚಿದ್ದರೆ ಇನ್ನಷ್ಟು ತಡ. ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿ ಕಡೆಯವರು ದೇವನಹಳ್ಳಿಯ ನಿಲ್ದಾಣ ಮುಟ್ಟಲು ಬಸ್ಸಿನಲ್ಲೋ ರೈಲಿನಲ್ಲೋ ಕೂರುವ ಆರು, ಎಂಟು, ಹತ್ತು ಗಂಟೆಗಳನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಟಿಕೆಟ್ಟಿನಲ್ಲಿ ಅಚ್ಚಾಗಿರುವುದು ಹಾರಾಟದ ಹೊತ್ತು ಮಾತ್ರ. ಕಾಲುಗಳಿಗೆ ಮನೆ ಬಿಟ್ಟಲ್ಲಿಂದಲೇ ಲೆಕ್ಕ ಶುರು.

ಕಾಲಿನಲ್ಲಿ ರಕ್ತ ಏಕೆ ಹೆಪ್ಪುಗಟ್ಟುತ್ತದೆ?

ಹೃದಯ ರಕ್ತವನ್ನು ಕಾಲಿನ ತುದಿಯವರೆಗೂ ತಳ್ಳುತ್ತದೆ. ಅಲ್ಲಿಂದ ಅದು ಮೇಲಕ್ಕೆ ಹತ್ತಿ ಬರಬೇಕಾದರೆ ಮೀನಖಂಡದ ಸ್ನಾಯುಗಳ ಸಹಾಯ ಬೇಕು. ನಾವು ನಡೆಯುವಾಗ ಈ ಸ್ನಾಯುಗಳು ಬಿಗಿದು ಸಡಿಲಗೊಳ್ಳುತ್ತ ಒಳಗಿನ ಅಭಿಧಮನಿಗಳನ್ನು ಹಿಂಡುತ್ತವೆ. ರಕ್ತ ಮೇಲಕ್ಕೆ ಚಿಮ್ಮುತ್ತದೆ. ಅಭಿಧಮನಿಗಳೊಳಗಿನ ಕವಾಟಗಳು ಅದನ್ನು ಮತ್ತೆ ಕೆಳಕ್ಕೆ ಇಳಿಯಗೊಡುವುದಿಲ್ಲ. ಮೀನಖಂಡವನ್ನು ಕಾಲಿನ ಹೃದಯ ಎಂದು ಕರೆಯುವುದು ಇದಕ್ಕಾಗಿಯೇ.

ಗಂಟೆಗಟ್ಟಲೆ ಮಂಡಿ ಮಡಿಸಿ ಅಲುಗಾಡದೆ ಕುಳಿತರೆ ಈ ಪಂಪು ನಿಂತುಹೋಗುತ್ತದೆ. ಸೀಟಿನ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತದೆ. ರಕ್ತದ ಹರಿವು ಮಂದವಾಗಿ, ಕೆಲವರಲ್ಲಿ ಆಳದ ಅಭಿಧಮನಿಯೊಳಗೆ ಹೆಪ್ಪುಗಟ್ಟುತ್ತದೆ. ವೈದ್ಯರು ಇದನ್ನು ಡಿ.ವಿ.ಟಿ. ಎನ್ನುತ್ತಾರೆ. ಹೆಪ್ಪು ಇದ್ದಲ್ಲೇ ಇದ್ದರೆ ಕಾಲು ಊದಿ ನೋಯುತ್ತದೆ. ಅದರ ತುಂಡೊಂದು ಕಳಚಿ ರಕ್ತದೊಡನೆ ಸಾಗಿ ಶ್ವಾಸಕೋಶದ ರಕ್ತನಾಳಕ್ಕೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಕುತ್ತು.

ಇದು ವಿಮಾನದ ಕಾಯಿಲೆಯಲ್ಲ, ಕೂರುವುದರ ಕಾಯಿಲೆ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಜನ ಬಾಂಬ್ ದಾಳಿಗೆ ಹೆದರಿ ರಾತ್ರಿಯಿಡೀ ಆಶ್ರಯತಾಣಗಳಲ್ಲಿ ಕುರ್ಚಿಯ ಮೇಲೆ ಕುಳಿತು ಕಳೆಯುತ್ತಿದ್ದರು. ಅಂಥವರಲ್ಲಿ ಶ್ವಾಸಕೋಶಕ್ಕೆ ಹೆಪ್ಪು ಸಿಕ್ಕಿ ಸಾಯುವವರ ಸಂಖ್ಯೆ ಏರಿದ್ದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು 1940ರಲ್ಲೇ ಗುರುತಿಸಿದ್ದರು.

ದೂರಕ್ಕೂ ಅಪಾಯಕ್ಕೂ ಇರುವ ನಂಟನ್ನು ಪ್ಯಾರಿಸ್‌ನ ವೈದ್ಯರು ಅಳೆದು ತೋರಿಸಿದರು. ಅಲ್ಲಿನ ಚಾರ್ಲ್ಸ್ ಡಿ ಗಾಲ್ ನಿಲ್ದಾಣದಲ್ಲಿ 1993ರಿಂದ 2000ದವರೆಗೆ ಇಳಿದ 13 ಕೋಟಿಗೂ ಹೆಚ್ಚು ಪ್ರಯಾಣಿಕರಲ್ಲಿ, ಶ್ವಾಸಕೋಶಕ್ಕೆ ಹೆಪ್ಪು ಸಿಕ್ಕಿ ತುರ್ತು ಚಿಕಿತ್ಸೆ ಪಡೆದವರು 56 ಮಂದಿ. 5,000 ಕಿ.ಮೀ.ಗಿಂತ ಕಡಿಮೆ ದೂರ ಬಂದವರಲ್ಲಿ ಇದು ಇಲ್ಲವೇ ಇಲ್ಲ ಎನ್ನುವಷ್ಟು ವಿರಳ. ಅದಕ್ಕಿಂತ ಹೆಚ್ಚು ದೂರ ಬಂದವರಲ್ಲಿ ಹತ್ತು ಲಕ್ಷಕ್ಕೆ 1.5 ಮಂದಿ. 10,000 ಕಿ.ಮೀ. ದಾಟಿದವರಲ್ಲಿ ಹತ್ತು ಲಕ್ಷಕ್ಕೆ 4.8 ಮಂದಿ. ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೊ ಯಾತ್ರಿಕರು ಈ ಕೊನೆಯ ಗುಂಪಿಗೆ ಸೇರುತ್ತಾರೆ.

ಇವು ನಿಲ್ದಾಣದಲ್ಲೇ ಕುಸಿದವರ ಲೆಕ್ಕ. ಮನೆ ಸೇರಿದ ಮೇಲೆ ಕಾಣಿಸಿಕೊಳ್ಳುವ ಹೆಪ್ಪುಗಳೂ ಇವೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನಾಲ್ಕು ಗಂಟೆ ಅಥವಾ ಹೆಚ್ಚು ಹೊತ್ತು ಕುಳಿತು ಪ್ರಯಾಣ ಮಾಡಿದರೆ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ವಿಮಾನವೇ ಆಗಬೇಕೆಂದಿಲ್ಲ, ಬಸ್ಸು, ಕಾರು, ರೈಲಿಗೂ ಇದು ಅನ್ವಯ. ಎರಡು ಪಟ್ಟು ಎಂದೊಡನೆ ಗಾಬರಿಯಾಗಬೇಕಿಲ್ಲ. ಆರೋಗ್ಯವಂತರಲ್ಲಿ ಅದು ಆರು ಸಾವಿರಕ್ಕೆ ಒಬ್ಬರಂತೆ ಎಂದು ಅದೇ ವರದಿ ಹೇಳುತ್ತದೆ. ಆರು ಸಾವಿರದಲ್ಲಿ ಆ ಒಬ್ಬರು ನಮ್ಮ ಮನೆಯವರಾಗದಂತೆ ನೋಡಿಕೊಳ್ಳುವುದು ಜಾಣತನ.

ಯಾರಿಗೆ ಹೆಚ್ಚು ಎಚ್ಚರ ಬೇಕು?

ಹಿಂದೆ ಒಮ್ಮೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆಗೆ, ಅದರಲ್ಲೂ ಮಂಡಿ ಅಥವಾ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಗೆ ಒಳಗಾದವರು, ಕ್ಯಾನ್ಸರ್ ರೋಗಿಗಳು, ಗರ್ಭಿಣಿಯರು, ಹೆರಿಗೆಯಾಗಿ ಆರು ವಾರ ಕಳೆಯದವರು, ಸಂತಾನ ನಿಯಂತ್ರಣದ ಮಾತ್ರೆ ನುಂಗುವವರು, ಮೈತೂಕ ಬಹಳ ಹೆಚ್ಚಿರುವವರು, ಕಾಲಿನ ನರ ಉಬ್ಬಿ ಗಂಟುಗಂಟಾಗಿರುವವರು, ವಯಸ್ಸಾದವರು: ಇವರೆಲ್ಲ ಟಿಕೆಟ್ ಕೊಳ್ಳುವ ಮೊದಲೇ ವೈದ್ಯರನ್ನು ಕಾಣಬೇಕು. ಇವುಗಳಲ್ಲಿ ಎರಡು ಮೂರು ಒಬ್ಬರಲ್ಲೇ ಕೂಡಿದ್ದರೆ ಅಪಾಯ ಇನ್ನೂ ಹೆಚ್ಚು. ಕೆಲವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಯನ್ನು ವೈದ್ಯರು ಕೊಡಬಹುದು. ಯಾರೋ ಹೇಳಿದರೆಂದು ತಾವಾಗಿಯೇ ಆಸ್ಪಿರಿನ್ ನುಂಗಿ ವಿಮಾನ ಹತ್ತುವುದು ಸರಿಯಲ್ಲ. ಅದು ಈ ಬಗೆಯ ಹೆಪ್ಪಿಗೆ ನಂಬಿಕೆಯ ರಕ್ಷಣೆಯಲ್ಲ. ಹೊಟ್ಟೆಯಲ್ಲಿ ರಕ್ತಸ್ರಾವಕ್ಕೂ ಕಾರಣವಾಗಬಹುದು.

ಸೀಟಿನಲ್ಲಿದ್ದೇ ಮಾಡಬಹುದಾದದ್ದು

ಮದ್ದು ಸುಲಭ, ಖರ್ಚಿಲ್ಲದ್ದು. ಹಿಮ್ಮಡಿಯನ್ನು ನೆಲಕ್ಕೂರಿ ಬೆರಳುಗಳನ್ನು ಮೇಲಕ್ಕೆತ್ತಿ; ಬಳಿಕ ಬೆರಳೂರಿ ಹಿಮ್ಮಡಿ ಎತ್ತಿ. ಹೊಲಿಗೆ ಯಂತ್ರ ತುಳಿದ ಹಾಗೆ ಇಪ್ಪತ್ತು ಮೂವತ್ತು ಬಾರಿ ಮಾಡಿ. ಎಚ್ಚರವಿದ್ದಾಗಲೆಲ್ಲ ಅರ್ಧ ಗಂಟೆಗೊಮ್ಮೆ ಇದು ನಡೆಯಲಿ. ಗಂಟೆ, ಎರಡು ಗಂಟೆಗೊಮ್ಮೆ ಎದ್ದು ಸೀಟುಗಳ ನಡುವಿನ ದಾರಿಯಲ್ಲಿ ಹಿಂದಕ್ಕೂ ಮುಂದಕ್ಕೂ ನಾಲ್ಕು ಹೆಜ್ಜೆ ನಡೆಯಿರಿ. ಕಾಲಿಟ್ಟುಕೊಳ್ಳುವ ಜಾಗದಲ್ಲಿ ಚೀಲ ತುರುಕಬೇಡಿ.

ನಮ್ಮ ಹಿರಿಯರಲ್ಲಿ, ವಿಶೇಷವಾಗಿ ಹೆಂಗಸರಲ್ಲಿ ಒಂದು ಅಭ್ಯಾಸವಿದೆ. ಪಕ್ಕದವರನ್ನು ಎಬ್ಬಿಸಿ ತೊಂದರೆ ಕೊಡುವುದೇಕೆಂದು ಸಂಕೋಚಪಟ್ಟು ಶೌಚಾಲಯಕ್ಕೆ ಹೋಗುವುದನ್ನೇ ತಪ್ಪಿಸುತ್ತಾರೆ. ಹೋಗಬೇಕಾದೀತೆಂದು ನೀರನ್ನೂ ಕುಡಿಯುವುದಿಲ್ಲ. ಕೆಲವರು ಬಿ.ಪಿ.ಗಾಗಿ ಕೊಟ್ಟಿರುವ, ಮೂತ್ರ ಹೆಚ್ಚಿಸುವ ಮಾತ್ರೆಯನ್ನೇ ಆ ದಿನ ಬಿಟ್ಟುಬಿಡುತ್ತಾರೆ. ಇದು ತಪ್ಪು. ಮಕ್ಕಳು ಟಿಕೆಟ್ ಕಾಯ್ದಿರಿಸುವಾಗ ಕಿಟಕಿಯ ಪಕ್ಕದ ಸೀಟಿಗಿಂತ ದಾರಿಯ ಪಕ್ಕದ ಸೀಟು ಕೊಡಿಸಿದರೆ ಅರ್ಧ ಸಮಸ್ಯೆ ತೀರಿತು. ಭಾಷೆಯ ಅಳುಕಿನಿಂದ ಗಾಲಿಕುರ್ಚಿ ಕೇಳಿ ಪಡೆಯುವವರೂ ಇದ್ದಾರೆ. ತಪ್ಪೇನಿಲ್ಲ. ಆದರೆ ವಿಮಾನ ಬದಲಿಸುವ ನಿಲ್ದಾಣದಲ್ಲಿ ಮೂರು ನಾಲ್ಕು ಗಂಟೆ ಅದರಲ್ಲೇ ಕೂತರೆ ಕಾಲಿಗೆ ಸಿಗಬೇಕಾದ ವಿರಾಮವೇ ಕೈತಪ್ಪುತ್ತದೆ. ಶಕ್ತಿಯಿದ್ದವರು ಅಲ್ಲಿ ನಡೆದಾಡಬೇಕು.

ಮಂಡಿಯ ಕೆಳಗಿನವರೆಗೆ ಬರುವ ಬಿಗಿ ಕಾಲುಚೀಲಗಳು ಔಷಧಿ ಅಂಗಡಿಗಳಲ್ಲಿ ಸಿಗುತ್ತವೆ. ದೂರದ ಹಾರಾಟದಲ್ಲಿ ಇವನ್ನು ತೊಟ್ಟವರಲ್ಲಿ ಹೆಪ್ಪುಗಟ್ಟುವುದು ಕಡಿಮೆ ಎಂದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಆದರೆ ಅಳತೆ ಸರಿಯಿರಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ರಕ್ತಸಂಚಾರ ಕೆಟ್ಟಿರುವವರು ವೈದ್ಯರನ್ನು ಕೇಳದೆ ತೊಡಬಾರದು. ಮದ್ಯ ಮತ್ತು ನಿದ್ದೆ ಮಾತ್ರೆಯಿಂದ ದೂರವಿರಿ. ಅವು ಮನುಷ್ಯನನ್ನು ಆರೇಳು ಗಂಟೆ ಒಂದೇ ಭಂಗಿಯಲ್ಲಿ ಕೆಡವುತ್ತವೆ.

ಊಟಿಯ ಎತ್ತರದ ಗಾಳಿ

ವಿಮಾನ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು ಕೃತಕವಾಗಿ ಹೆಚ್ಚಿಸಿರುತ್ತಾರೆ. ಹಾಗಿದ್ದರೂ ಅದು ನೆಲಮಟ್ಟದಷ್ಟಿರುವುದಿಲ್ಲ. 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟು. ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲೋ ಊಟಿಯಲ್ಲೋ ಹದಿನಾರು ಗಂಟೆ ಕುಳಿತ ಹಾಗೆ. ಆರೋಗ್ಯವಂತರ ರಕ್ತದಲ್ಲೂ ಆಮ್ಲಜನಕದ ಪ್ರಮಾಣ ಶೇ 97ರ ಆಸುಪಾಸಿನಿಂದ ಶೇ 93ರ ಆಸುಪಾಸಿಗೆ ಇಳಿಯುತ್ತದೆ. ಅವರಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುವವರು, ಹೃದಯಾಘಾತವಾಗಿ ಹೆಚ್ಚು ದಿನ ಆಗದವರು, ಶ್ವಾಸಕೋಶದ ಹಳೆಯ ಕಾಯಿಲೆಯವರು, ತೀವ್ರ ರಕ್ತಹೀನತೆ ಇರುವವರು ಮುಂಚಿತವಾಗಿ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಬೇಕಾದರೆ ಹಾರಾಟದಲ್ಲಿ ಆಮ್ಲಜನಕದ ವ್ಯವಸ್ಥೆ ಮಾಡಿಸಿಕೊಳ್ಳಬಹುದು, ಮೊದಲೇ ತಿಳಿಸಿರಬೇಕು.

ಹೊರಗಿನ ಒತ್ತಡ ಇಳಿದಾಗ ಹೊಟ್ಟೆಯೊಳಗಿನ ಗಾಳಿ ಮೂರನೆಯ ಒಂದು ಪಾಲಿನಷ್ಟು ಹಿಗ್ಗುತ್ತದೆ. ಹೊರಡುವ ದಿನ ಅವರೆಕಾಳು ಸಾರು, ಸೋಡಾ ಬೇಡ. ಮಿತವಾದ ಊಟವೇ ಲೇಸು. ಇದೇ ಕಾರಣಕ್ಕೆ ಹೊಟ್ಟೆ, ಎದೆ, ಕಣ್ಣಿನ ಕೆಲವು ಶಸ್ತ್ರಚಿಕಿತ್ಸೆಗಳಾದ ಮೇಲೆ ಕೆಲವು ವಾರ ಹಾರಬಾರದು. ಎಷ್ಟು ವಾರ ಎಂಬುದನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರೇ ಹೇಳಬೇಕು. ವಿಮಾನ ಇಳಿಯುವಾಗ ಎಳೆಮಕ್ಕಳು ಕಿವಿನೋವಿನಿಂದ ಅಳುತ್ತವೆ. ಆಗ ಮೊಲೆಹಾಲನ್ನೋ ಬಾಟಲಿ ಹಾಲನ್ನೋ ಕುಡಿಸಿದರೆ ನುಂಗುವಾಗ ಕಿವಿ ಬಿಡಿಸುತ್ತದೆ. ವಿಮಾನದೊಳಗಿನ ಗಾಳಿ ತುಂಬ ಒಣಗಾಳಿಯೂ ಹೌದು. ಆಗಾಗ ಸ್ವಲ್ಪ ಸ್ವಲ್ಪ ನೀರು ಕುಡಿಯುತ್ತಿರಿ.

ಮಾತ್ರೆಯ ಲೆಕ್ಕ: ತಾರೀಖು ನೋಡಬೇಡಿ

ಈ ಪ್ರಯಾಣದಲ್ಲಿ ಗಡಿಯಾರವೂ ಕ್ಯಾಲೆಂಡರೂ ಮೋಸ ಮಾಡುತ್ತವೆ. ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ ಇರುತ್ತದೆ; ನವೆಂಬರಿನಿಂದ ಮಾರ್ಚ್‌ವರೆಗೆ ಹದಿಮೂರೂವರೆ ಗಂಟೆ. ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಬೆಂಗಳೂರು ಬಿಟ್ಟು ನೇರ ವಿಮಾನದಲ್ಲಿ ಹದಿನಾರು ಗಂಟೆ ಹಾರಿದಿರಿ ಎಂದಿಟ್ಟುಕೊಳ್ಳಿ. ಇಳಿಯುವಾಗ ಅಲ್ಲಿ ಅದೇ ಶನಿವಾರ ಸಂಜೆ ಐದೂವರೆ! ಗೋಡೆಯ ಗಡಿಯಾರದ ಪ್ರಕಾರ ಕಳೆದದ್ದು ಮೂರೂವರೆ ಗಂಟೆ. ದೇಹಕ್ಕೆ ಕಳೆದದ್ದು ಹದಿನಾರು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಬೆಂಗಳೂರಿನಲ್ಲಿ ಬಿ.ಪಿ. ಮಾತ್ರೆ ನುಂಗಿದವರು, ಇನ್ನು ಭಾನುವಾರ ಬೆಳಿಗ್ಗೆ ತಾನೆ ಎಂದು ಅಲ್ಲಿನ ಭಾನುವಾರ ಬೆಳಿಗ್ಗೆ ಎಂಟರವರೆಗೆ ಕಾದರೆ ನಡುವೆ ಮೂವತ್ತಾರೂವರೆ ಗಂಟೆ ಕಳೆದಿರುತ್ತದೆ. ವಾಪಸು ಬರುವಾಗಲೂ ಹೀಗೇ. ಅಲ್ಲಿ ಶನಿವಾರ ರಾತ್ರಿ ಒಂಬತ್ತಕ್ಕೆ ಹೊರಟು ಹದಿನೇಳು ಗಂಟೆ ಹಾರಿದರೆ ಇಲ್ಲಿ ಇಳಿಯುವುದು ಸೋಮವಾರ ಬೆಳಗಿನ ಜಾವ ಎರಡೂವರೆಗೆ. ಭಾನುವಾರ ಆಕಾಶದಲ್ಲೇ ಕರಗಿರುತ್ತದೆ. ಅದರ ಜೊತೆಗೆ ಭಾನುವಾರದ ಮಾತ್ರೆಯೂ. ರಕ್ತದೊತ್ತಡ, ಅಪಸ್ಮಾರ, ಹೃದಯದ ಕಾಯಿಲೆ, ರಕ್ತ ತೆಳುಗೊಳಿಸುವ ಔಷಧಿಗಳ ವಿಷಯದಲ್ಲಿ ಇಂಥ ಅಂತರ ಒಳ್ಳೆಯದಲ್ಲ.

ಉಪಾಯ ಸರಳವಾಗಿದೆ. ಪ್ರಯಾಣ ಮುಗಿಯುವವರೆಗೆ ಒಂದು ಕೈಗಡಿಯಾರ ಭಾರತದ ಸಮಯದಲ್ಲೇ ಇರಲಿ. ಮಾತ್ರೆಗಳು ಅದರಂತೆ ನಡೆಯಲಿ. ತಲುಪಿದ ಮೇಲೆ ಬೇಸಿಗೆಯಲ್ಲಿ ನಮ್ಮ ಬೆಳಗಿನ ಎಂಟು ಅಲ್ಲಿನ ಹಿಂದಿನ ಸಂಜೆ ಏಳೂವರೆಯಾಗುತ್ತದೆ. ನಮ್ಮ ರಾತ್ರಿ ಎಂಟು ಅಲ್ಲಿನ ಬೆಳಗಿನ ಏಳೂವರೆ. ಆದ್ದರಿಂದ ದಿನಕ್ಕೆರಡು ಬಾರಿ, ಹನ್ನೆರಡು ಗಂಟೆಗೊಮ್ಮೆ ಮಾತ್ರೆ ನುಂಗುವವರಿಗೆ ಹೆಚ್ಚೇನೂ ಬದಲಾಗುವುದಿಲ್ಲ. ದಿನಕ್ಕೊಂದೇ ಮಾತ್ರೆಯವರು ಅಲ್ಲಿ ಸಂಜೆಗೆ ಮುಂದುವರಿಸಬಹುದೇ ಅಥವಾ ಮೆಲ್ಲಗೆ ಬೆಳಿಗ್ಗೆಗೆ ಸರಿಸಿಕೊಳ್ಳಬೇಕೇ ಎಂದು ವೈದ್ಯರಿಂದ ಕಾಗದದ ಮೇಲೆ ಬರೆಸಿಕೊಳ್ಳಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಊಟದ ಹೊತ್ತೂ ಬದಲಾಗುವುದರಿಂದ ವೈದ್ಯರ ಪಟ್ಟಿ ಇಲ್ಲದೆ ಹೊರಡಲೇಬಾರದು. ಇನ್ಸುಲಿನ್ ಯಾವಾಗಲೂ ಕೈಚೀಲದಲ್ಲೇ ಇರಲಿ. ಸಾಮಾನಿನ ಕೋಣೆಗೆ ಹೋಗುವ ಸೂಟ್‌ಕೇಸಿನಲ್ಲಿಟ್ಟರೆ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಸೂಟ್‌ಕೇಸ್ ಬೇರೆ ಊರಿಗೆ ಹೋದರಂತೂ ಕಷ್ಟ.

ನಿದ್ದೆ ದಾರಿಗೆ ಬರಲು

ಮಿದುಳಿನ ಆಳದಲ್ಲಿರುವ ಪುಟ್ಟ ನರಕೇಂದ್ರವೊಂದು ನಮ್ಮ ದೇಹದ ಗಡಿಯಾರ. ಅದಕ್ಕೆ ಕೀಲಿ ಕೊಡುವುದು ಹಗಲಿನ ಬೆಳಕು. ಹಗಲು ರಾತ್ರಿ ಅದಲು ಬದಲಾದಾಗ ಅದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯಬಲ್ಲದು. ಹನ್ನೆರಡು ಗಂಟೆಯ ವ್ಯತ್ಯಾಸಕ್ಕೆ ಒಂದು ವಾರದಿಂದ ಹತ್ತು ಹನ್ನೆರಡು ದಿನ ಹಿಡಿಯುವುದು ಸಹಜ. ಹಗಲಲ್ಲಿ ಮನೆಯೊಳಗೆ ಪರದೆ ಎಳೆದು ಮಲಗದೆ ಹೊರಗೆ ಬೆಳಕಿನಲ್ಲಿ ಓಡಾಡಬೇಕು. ತಡೆಯಲಾಗದಿದ್ದರೆ ಅರ್ಧ ಗಂಟೆ ಮಾತ್ರ ಮಲಗಿ. ಊಟ ತಿಂಡಿ ಅಲ್ಲಿನ ಹೊತ್ತಿಗೇ ಆಗಲಿ.

ಮಕ್ಕಳಿಗೆ ಒಂದು ಮಾತು. ಬಂದಿಳಿದ ಮಾರನೆಯ ರಾತ್ರಿಯೇ ಅಮ್ಮನ ಕೈಗೆ ಹಸುಗೂಸು ಕೊಟ್ಟು ನೀವು ಮಲಗಬೇಡಿ. ಆಕೆಗೆ ನಾಲ್ಕು ದಿನವಾದರೂ ಬಿಡುವು ಬೇಕು. ರಾತ್ರಿ ಎರಡಕ್ಕೆ ಎಚ್ಚರವಾಗಿ ಹೊಸ ಮನೆಯ ಮೆಟ್ಟಿಲಲ್ಲಿ ತಡವರಿಸಿ ಬೀಳುವ ಅಪಾಯವಿದೆ. ನಡುಮನೆಯಲ್ಲೂ ಮೆಟ್ಟಿಲ ಬಳಿಯೂ ಸಣ್ಣ ದೀಪ ಉರಿಯಲಿ.

ಈ ಲಕ್ಷಣಗಳನ್ನು ಕಡೆಗಣಿಸಬೇಡಿ

ಎರಡೂ ಪಾದ ಒಂದೇ ಸಮ ಊದಿಕೊಂಡು ಒಂದೆರಡು ದಿನದಲ್ಲಿ ಇಳಿದರೆ ಸಾಮಾನ್ಯವಾಗಿ ಭಯವಿಲ್ಲ. ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ, ಮುಟ್ಟಿದರೆ ಬಿಸಿಯಾಗಿದ್ದರೆ, ಕೆಂಪಾಗಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ನಡೆದು ನಡೆದು ಹಿಡಿದುಕೊಂಡಿದೆ ಎಂದು ಎಣ್ಣೆ ಹಾಕಿ ತಿಕ್ಕಬೇಡಿ. ಇದ್ದಕ್ಕಿದ್ದಂತೆ ಉಸಿರುಗಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿದಾಗ ರಕ್ತ ಬಿದ್ದರೆ, ತಲೆಸುತ್ತಿ ಬಿದ್ದರೆ ಒಂದು ನಿಮಿಷವೂ ತಡಮಾಡದೆ ತುರ್ತು ಸಹಾಯ ಕರೆಯಬೇಕು. ಅಮೆರಿಕದಲ್ಲಿ ಅದರ ದೂರವಾಣಿ ಸಂಖ್ಯೆ 911; ನಮ್ಮಲ್ಲಿ 108. ಈ ತೊಂದರೆ ಪ್ರಯಾಣ ಮುಗಿದು ಕೆಲವು ವಾರಗಳಾದ ಮೇಲೂ ಕಾಣಿಸಿಕೊಳ್ಳಬಹುದು. ಆದ್ದರಿಂದ ವೈದ್ಯರ ಬಳಿ ಮೊದಲು ಹೇಳಬೇಕಾದ ಮಾತು: ಇಂಥ ದಿನ ಇಷ್ಟು ಗಂಟೆ ವಿಮಾನದಲ್ಲಿ ಕುಳಿತು ಬಂದೆ. ಅಲ್ಲಿ ಆಸ್ಪತ್ರೆ ಖರ್ಚು ಬಹಳ ಎಂದು ಮಕ್ಕಳಿಗೆ ಹೇಳದೆ ನೋವು ನುಂಗುವ ಹಿರಿಯರಿದ್ದಾರೆ. ಪ್ರಯಾಣದ ವಿಮೆ ಮಾಡಿಸುವಾಗಲೇ, ಈಗಾಗಲೇ ಇರುವ ಕಾಯಿಲೆಗಳಿಗೆ ಅದು ಅನ್ವಯಿಸುತ್ತದೆಯೇ ಎಂದು ಓದಿ ತಿಳಿದುಕೊಂಡಿದ್ದರೆ ಈ ಅಳುಕು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಹೊರಡುವ ಮುನ್ನ

* ಪ್ರಯಾಣಕ್ಕೆ ಒಂದು ತಿಂಗಳು ಮೊದಲೇ ಕುಟುಂಬ ವೈದ್ಯರನ್ನು ಕಂಡು ಬಿ.ಪಿ., ಸಕ್ಕರೆ ಪರೀಕ್ಷಿಸಿಕೊಳ್ಳಿ.

* ಔಷಧಿಗಳು ಮೂಲ ಪ್ಯಾಕಿನಲ್ಲೇ, ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲಿರಲಿ. ಚೀಟಿಯಲ್ಲಿ ಕಂಪನಿ ಇಟ್ಟ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರೂ ಇರಬೇಕು. ನಮ್ಮ ಪ್ಯಾರಸಿಟಮಾಲ್‌ಗೇ ಅಲ್ಲಿ ಅಸಿಟಮಿನೊಫೆನ್ ಎಂಬ ಬೇರೆ ಹೆಸರಿದೆ.

* ಮಾತ್ರೆಯ ಹೊತ್ತನ್ನು ಭಾರತದ ಸಮಯ, ಅಲ್ಲಿನ ಸಮಯ ಎಂದು ಎರಡು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ.

* ದಾರಿಯ ಪಕ್ಕದ ಸೀಟು ಕೇಳಿ ಪಡೆಯಿರಿ. ಸಡಿಲವಾದ ಬಟ್ಟೆ ತೊಡಿ.

* ದೂರದ ಊರಿನವರು ಬಸ್ಸಿಳಿದ ಕೂಡಲೇ ವಿಮಾನ ಹತ್ತದೆ, ಸಾಧ್ಯವಾದರೆ ಒಂದು ದಿನ ಮೊದಲೇ ಬೆಂಗಳೂರಿಗೆ ಬಂದು ಕಾಲು ಚಾಚಿ ಮಲಗಿ ಹೊರಡಿ.

* ಗರ್ಭಿಣಿಯರು ಏಳು ತಿಂಗಳು ತುಂಬಿದ ಮೇಲೆ ವೈದ್ಯರ ಪತ್ರವಿಲ್ಲದೆ ಹೊರಡಬಾರದು. ವಿಮಾನ ಕಂಪನಿಯ ನಿಯಮವನ್ನು ಮೊದಲೇ ವಿಚಾರಿಸಿ.

* ವಿಮಾನದಲ್ಲಿ ಕುಳಿತ ಮೇಲೆ ನೆನಪಿಡಬೇಕಾದದ್ದು ಇಷ್ಟೇ: ಎಚ್ಚರವಿರುವಷ್ಟು ಹೊತ್ತೂ ಪಾದ ಆಡುತ್ತಿರಲಿ.